ಹನ್ನೊಂದು ದಿನ

ಲ್ಯಾಬಿನವರು ಕೊಟ್ಟ ಚೀಟಿಯಲ್ಲಿ ಹೀಗಿತ್ತು: ಹೆಸರು ಕೆಂಚಿ. ವಯಸ್ಸು 13. ಸ್ತ್ರೀ. ಕ್ರಿಯಾಟಿನಿನ್ 7.8.

ನಮ್ಮೂರಿನಂಥ ಊರುಗಳಲ್ಲಿ ನಾಯಿಯ ರಕ್ತವೂ ಮನುಷ್ಯರ ಲ್ಯಾಬಿಗೇ ಹೋಗುತ್ತದೆ. ಡಾಕ್ಟರು ಮುಂಗಾಲಿನಿಂದ ರಕ್ತ ತೆಗೆದು ಶೀಶೆ ಕೈಗೆ ಕೊಟ್ಟರೆ, ನಾವು ಅದನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟಿ ಹತ್ತಬೇಕು. ಕೌಂಟರಿನ ಹುಡುಗ ಚೀಟಿ ಕೊಡುವಾಗ ನನ್ನ ಮುಖ ನೋಡಿ ದನಿ ಇಳಿಸಿದ. "ಅಕ್ಕಾರ, ಹುಡುಗಿ ದವಾಖಾನ್ಯಾಗ ಅದಾಳೇನ್ರಿ? ಇಷ್ಟು ಸಣ್ಣ ವಯಸ್ಸಿಗೆ ಹಿಂಗ್ಯಾಕ ಆತ್ರಿ?"

"ನಾಯಿದಪ್ಪಾ ಅದು" ಅಂದೆ.

"ಹೌದ್ರಾ!" ಅಂತ ಎದೆ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟ. "ನಾ ಅಂಜಿಬಿಟ್ಟಿದ್ದೆ ನೋಡ್ರಿ."

ಅವನದೇನೂ ತಪ್ಪಿಲ್ಲ. ನಾನೂ ನಕ್ಕೆ. ಸ್ಕೂಟಿ ಹತ್ತಿರ ಬಂದ ಮೇಲೆ ಕೀಲಿ ಹಾಕಲು ಆಗಲಿಲ್ಲ, ಕೈ ನಡುಗುತ್ತಿತ್ತು.

ಕೆಂಚಿ ನಮ್ಮ ಮನೆಗೆ ಬಂದದ್ದು 2011ರ ಸುಗ್ಗಿಯಲ್ಲಿ. ಗಂಗಾವತಿಯಲ್ಲಿ ಇರುವವರಿಗೆ ಗೊತ್ತು, ನವೆಂಬರ್ ಬಂತೆಂದರೆ ಊರ ಸುತ್ತ ರಸ್ತೆ ಅರ್ಧ ನಮ್ಮದು, ಅರ್ಧ ಭತ್ತದ್ದು. ನಾಲ್ಕನೇ ಕ್ಲಾಸಿನಲ್ಲಿದ್ದ ಮಗ ಒಂದು ರೈಸ್ ಮಿಲ್ಲಿನ ಗೇಟಿನ ಹತ್ತಿರ ಖಾಲಿ ಗೋಣಿಚೀಲದಲ್ಲಿ ಮಲಗಿದ್ದ ಮರಿಯನ್ನು ಚೀಲದ ಸಮೇತ ಎತ್ತಿಕೊಂಡು ಬಂದಿದ್ದ. ಇಟ್ಟಂಗಿ ಬಣ್ಣ. ಜಾತಿ ಯಾವುದು ಅಂತ ಕೇಳಿದವರಿಗೆ ನಮ್ಮ ಅತ್ತೆ "ಮಿಲ್ ಜಾತಿ" ಅನ್ನುತ್ತಿದ್ದರು. ದೊಡ್ಡದಾದ ಮೇಲೂ ಸುಗ್ಗಿ ಬಂದರೆ ರಸ್ತೆಯಲ್ಲಿ ಒಣಹಾಕಿದ ಭತ್ತದ ಮೇಲೆ ಹೋಗಿ ಬಿಸಿಲಿಗೆ ಮೈ ಚಾಚುತ್ತಿತ್ತು. ಭತ್ತದವರು ಬೈದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಹದಿಮೂರು ವರ್ಷದಲ್ಲಿ ಅವಳಿಂದ ನಾನು ಬೈಗುಳ ತಿಂದಷ್ಟು ಮಗನಿಂದಲೂ ತಿಂದಿಲ್ಲ.

(ಅದು ಅಂತ ಶುರು ಮಾಡಿ ಅವಳು ಅಂತ ಆಗಿಹೋಯಿತು. ಮನೆಯಲ್ಲೂ ಹಾಗೇ ಆಗಿತ್ತು, ಬಿಡಿ.)

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ರಕ್ತದ ಕಸ. ಕಿಡ್ನಿ ಕಾಯಿಲೆಯ ಮೋಸ ಏನಂದರೆ, ಮುಕ್ಕಾಲು ಪಾಲು ಕೆಲಸ ನಿಲ್ಲುವವರೆಗೆ ಅದು ಕ್ರಿಯಾಟಿನಿನ್ ಲೆಕ್ಕದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಆರೋಗ್ಯವಾಗಿರುವ ನಾಯಿಗೆ ಈ ಅಂಕಿ ಸುಮಾರು 1.4ರ ಒಳಗೆ ಇರಬೇಕು. 5 ದಾಟಿದರೆ ಕೊನೆಯ ಹಂತ. ಕೆಂಚಿ ಮಳೆಗಾಲದಿಂದಲೇ ನೀರು ಜಾಸ್ತಿ ಕುಡಿಯುತ್ತಿದ್ದಳು, ಜಾಸ್ತಿ ಉಚ್ಚೆ ಹೊಯ್ಯುತ್ತಿದ್ದಳು. ನಾವು ಸೆಕೆ ಅಂದುಕೊಂಡೆವು. ಆಮೇಲೆ ಬಾಯಿಯ ವಾಸನೆ ಶುರುವಾಯಿತು. ಹಸಿಯಾದ ಯೂರಿಯಾ ಚೀಲ ಬಿಚ್ಚಿದಾಗ ಮೂಗಿಗೆ ಹೊಡೆಯುತ್ತದಲ್ಲ, ಅದೇ ಘಾಟು. ಹೊಲದ ಮನೆಯಲ್ಲಿ ಬೆಳೆದವಳು ನಾನು, ಆ ವಾಸನೆ ಗೊತ್ತಿಲ್ಲದೆ ಇಲ್ಲ. ಆದರೂ ಎಲ್ಲೋ ಗೊಬ್ಬರದ ಚೀಲ ನೆಕ್ಕಿ ಬಂದಿದ್ದಾಳೆ ಅಂತಲೇ ಎರಡು ವಾರ ಕಳೆದೆ. ನಿಜ ಏನಂದರೆ ಕಿಡ್ನಿ ಸೋಸದೆ ಬಿಟ್ಟ ಯೂರಿಯಾ ರಕ್ತದಲ್ಲಿ ಉಳಿದು ಬಾಯಿಗೆ ಬರುತ್ತದೆ. ಚೀಲದ್ದೂ ಅದೇ, ಇವಳ ಮೈಯದ್ದೂ ಅದೇ.

ಅಕ್ಟೋಬರ್ ಪೂರ್ತಿ ಮನೆಯಲ್ಲೇ ಸಲಾಯಿನ್. ಆರ್‌ಎಲ್ ಅನ್ನುವ ಸಲಾಯಿನ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಎರಡು ಭುಜದ ನಡುವಿನ ಸಡಿಲ ಚರ್ಮ ಎತ್ತಿ ಸೂಜಿ ಚುಚ್ಚಬೇಕು. ನಾಳಕ್ಕಲ್ಲ, ಚರ್ಮದ ಕೆಳಗೆ. ನೀರು ಇಳಿದಂತೆ ಅಲ್ಲೊಂದು ಡುಬ್ಬ ಏಳುತ್ತದೆ, ಹೋರಿಗೆ ಇಣಿ ಇದ್ದ ಹಾಗೆ. ಕೈ ಇಟ್ಟರೆ ತಣ್ಣಗೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಮುಂಗಾಲಿನ ಕಡೆ ಜಾರಿ, ಬೆಳಿಗ್ಗೆ ಇಲ್ಲವಾಗುತ್ತಿತ್ತು. ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈ ಬಿಸಿಗೆ ತಂದು ಹಾಕಿದರೆ ಅಷ್ಟು ನಡುಗುವುದಿಲ್ಲ ಅಂತ ನಾಲ್ಕನೇ ದಿನಕ್ಕೆ ಗೊತ್ತಾಯಿತು. ನಮ್ಮ ಮನೆಯವರು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಮೊದಮೊದಲು ಸೂಜಿ ಕಂಡರೆ ಗುರ್ ಅನ್ನುತ್ತಿದ್ದಳು. ಆಮೇಲೆ ಅನ್ನುವುದು ಬಿಟ್ಟಳು. ಅದನ್ನು ನಾವು "ರೂಢಿ ಆಗ್ಯಾಳ" ಅಂತ ಖುಷಿಪಟ್ಟೆವು.

ಅಕ್ಟೋಬರ್ 30ನೇ ತಾರೀಖು ಎರಡನೇ ಚೀಟಿ ಬಂತು. 9.6. ಡಾಕ್ಟರು ಅದನ್ನು ಮಡಚಿ ನನಗೆ ವಾಪಸ್ ಕೊಟ್ಟರು.

"ವಾಸಿ ಆಗೂದಿಲ್ರಿ ಮೇಡಂ. ಸಲಾಯಿನ್ನಿಗೂ ಬಗ್ಗಲಿಲ್ಲ. ಇನ್ನ ತ್ರಾಸ ಕಡಿಮಿ ಮಾಡಬಹುದು. ಇಲ್ಲಾಂದ್ರ ನಿಲ್ಲಸಬಹುದು."

ಯಾವುದನ್ನು ನಿಲ್ಲಿಸುವುದು ಅಂತ ಒಂದು ಕ್ಷಣ ನನಗೆ ತಿಳಿಯಲೇ ಇಲ್ಲ. ಸಲಾಯಿನ್ ಅಂದುಕೊಂಡೆ. ಅವರು ಹೇಳಿದ್ದು ಅವಳ ಜೀವ, ಸೂಜಿ ಕೊಟ್ಟು.

ಅವರು ಇನ್ನೊಂದು ಮಾತು ಕೇಳಿದರು. ಅವಳು ದಿನಾ ಖುಷಿಯಿಂದ ಮಾಡುತ್ತಿದ್ದ ಮೂರು ಕೆಲಸ ಯಾವುವು? ನಾನು ಬೇಗನೆ ಹೇಳಿದೆ. ಒಂದು, ಗೇಟಿನ ಚಿಲಕದ ಸಪ್ಪಳಕ್ಕೆ ಓಡಿ ಬರುವುದು. ಎರಡು, ರೊಟ್ಟಿ ಬಡಿಯುವ ಹೊತ್ತಿಗೆ ಅಡುಗೆಮನೆ ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗುವುದು. ಮೂರು, ಆ ಭತ್ತ. "ಕ್ಯಾಲೆಂಡರ್‌ನ್ಯಾಗ ಬರೀರಿ. ಯಾವ ದಿನ ಯಾವುದು ಮಾಡಿದಳು ಅಂತ. ಆಮ್ಯಾಲೆ ಫೋನ್ ಮಾಡ್ರಿ" ಅಂದರು. ಅಷ್ಟೇ. ಒತ್ತಾಯ ಮಾಡಲಿಲ್ಲ.

ನಾನು ಫೋನ್ ಮಾಡಿದ್ದು ನವೆಂಬರ್ 9ರ ರಾತ್ರಿ. ಈ ಬರಹ ಬರೆಯುತ್ತಿರುವುದು ನಡುವಿನ ಆ ದಿನಗಳ ಬಗ್ಗೆ.

ಮೊದಲ ನೆವ ಹಬ್ಬ. ಮರುದಿನವೇ ನರಕ ಚತುರ್ದಶಿ. ದೀಪಾವಳಿ ಹೊತ್ತಿನಲ್ಲಿ ಮನೆಯಲ್ಲಿ ಅಂಥದ್ದು ಮಾಡಿಸುತ್ತಾರಾ? ಇದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಹಬ್ಬ ಅಂದರೆ ಸಾಕು, ನಮ್ಮಲ್ಲಿ ಏನನ್ನಾದರೂ ಮುಂದೆ ಹಾಕಬಹುದು. ಪಾಡ್ಯದ ದಿನ ಅತ್ತೆ ಸಗಣಿಯ ಪಾಂಡವರನ್ನು ಮಾಡಿ, ಚೆಂಡು ಹೂವು ಸಿಕ್ಕಿಸಿ ಬಾಗಿಲಿಗೆ ಇಟ್ಟರು. ಪಕ್ಕದ ಮನೆಯವರು ಬಂದು ಕೆಂಚಿಯನ್ನು ನೋಡಿ, ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕೂ ಹೋಗೋದಿಲ್ಲ ಅಂದಿದ್ದ ಕಥೆ ಹೇಳಿ ಹೋದರು. ಎಲ್ಲರೂ ಇದೇ ಕಥೆ ಹೇಳುತ್ತಾರೆ. ಧರ್ಮರಾಯನ ನಾಯಿ ಹಿಮಾಲಯ ಹತ್ತುವಷ್ಟು ಗಟ್ಟಿಯಾಗಿತ್ತು. ಅದಕ್ಕೆ ಕಿಡ್ನಿ ಹೋಗಿರಲಿಲ್ಲ.

ಆ ರಾತ್ರಿ ಓಣಿಯ ಹುಡುಗರು ಸರ ಪಟಾಕಿ ಹಚ್ಚಿದರು. ಪ್ರತಿ ವರ್ಷ ಆ ಸದ್ದಿಗೆ ಕೆಂಚಿ ಮಂಚದ ಕೆಳಗೆ ಸೇರಿ, ಟ್ರಂಕಿನ ಹಿಂದೆ ಮೂತಿ ಹುದುಗಿಸಿ, ಮರುದಿನದವರೆಗೆ ಹೊರಗೆ ಬರುತ್ತಿರಲಿಲ್ಲ. ಈ ಸಲ ಪಡಸಾಲೆಯಲ್ಲಿ ಗೋಣಿತಾಟಿನ ಮೇಲೆ ಇದ್ದಳು. ಗೇಟಿನ ಆಚೆಯೇ ಪಟಪಟ ಅಂತ ಸಿಡಿಯಿತು. ನಾನು ಬೆಚ್ಚಿದೆ. ಅವಳ ಕಿವಿ ಕೂಡ ಏಳಲಿಲ್ಲ. ಕಿವಿ ಕೇಳದೆ ಅಲ್ಲ, ಹೆಸರು ಹಿಡಿದು ಕರೆದರೆ ಬಾಲದ ತುದಿ ಒಂದು ಸಲ ನೆಲಕ್ಕೆ ಬಡಿಯುತ್ತಿತ್ತು. ಹೆದರುವಷ್ಟು ಶಕ್ತಿಯೂ ಉಳಿದಿರಲಿಲ್ಲ. ನಾನು ಮಗನಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿದ್ದು ಬೇರೆ: "ಈ ಸಲ ಧೈರ್ಯ ಬಂದೈತಿ ನೋಡೋ ಕೆಂಚೀಗೆ."

ಎರಡನೇ ನೆವ ನನ್ನ ಪಾಠದ್ದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನಮ್ಮ ಕೊಪ್ಪಳ ಹಿಂದೆ ಕೊಪಣ ಅನ್ನಿಸಿಕೊಂಡಿದ್ದಾಗ ಜೈನರ ದೊಡ್ಡ ತೀರ್ಥ. ಪಾಲ್ಕಿಗುಂಡಿನ ಬಂಡೆಯ ಮೇಲೆ ಅಶೋಕನ ಶಾಸನ ಇರುವುದು ಎಲ್ಲರಿಗೂ ಗೊತ್ತು. ಅಲ್ಲೇ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಅನ್ನುವವನು ಕಲ್ಲಿನಲ್ಲಿ ಮಾಡಿಸಿದ ಅಂತ ಹಳಗನ್ನಡದ ಒಂದು ಸಾಲೂ ಇದೆ. ಸಲ್ಲೇಖನದಿಂದ ಮೈ ಬಿಟ್ಟವರ ಗುರುತುಗಳು ಈ ಗುಡ್ಡಗಳಲ್ಲಿ ಇವೆ. ಅನ್ನ ಬಿಟ್ಟು, ನೀರು ಬಿಟ್ಟು, ತಿಳಿದು ಹೋಗುವುದು. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಅಂದದ್ದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದು, ಇದನ್ನೂ ಹೇಳಿದ್ದೇನೆ.

ನವೆಂಬರ್ 4ಕ್ಕೆ ಕೆಂಚಿ ರೊಟ್ಟಿ ಬಿಟ್ಟಳು. ಹಾಲಿನಲ್ಲಿ ಮುರಿದು ನೆನೆಸಿ ಇಟ್ಟರೂ ಮುಖ ಆಚೆ ತಿರುಗಿಸಿದಳು. ಸ್ಟಾಫ್ ರೂಮಿನಲ್ಲಿ ನಾನು ಬಹಳ ಸಮಾಧಾನದಿಂದ ಹೇಳಿದೆ, ಅವಳೇ ಅನ್ನ ಬಿಟ್ಟಿದ್ದಾಳೆ, ಅವಳಿಗೆ ತಿಳಿದಿದೆ, ಒಂದು ಥರ ಸಲ್ಲೇಖನ ಅಂತ. ಕೇಳಿದವರು ತಲೆದೂಗಿದರು. ನನಗೂ ನಾನು ಏನೋ ದೊಡ್ಡ ಮಾತು ಆಡಿದೆ ಅನ್ನಿಸಿತು.

ಸಂಜೆ ಮನೆಗೆ ಬಂದಾಗ ಅವಳು ಬಟ್ಟಲಿನ ಹತ್ತಿರ ನಿಂತಿದ್ದಳು. ಮೂಸಿದಳು. ಬಾಯಿಂದ ಜೊಲ್ಲು ಇಳಿಯಿತು. ಒಂದು ತುತ್ತು ತೆಗೆದುಕೊಂಡು ನುಂಗಿದಳು, ನಾಲ್ಕು ಹೆಜ್ಜೆ ಹೋಗಿ ವಾಂತಿ ಮಾಡಿಕೊಂಡಳು. ತಿರುಗಿ ಬಂದು ಮತ್ತೆ ಮೂಸಿದಳು. ಒಸಡಿನಲ್ಲಿ ಹುಣ್ಣಾಗಿತ್ತು. ಹಸಿವು ಇತ್ತು, ತಿನ್ನಲು ಆಗುತ್ತಿರಲಿಲ್ಲ. ವ್ರತ ಎಲ್ಲಿಂದ ಬಂತು? ಸಲ್ಲೇಖನ ತೆಗೆದುಕೊಳ್ಳುವವರು ಗುರುವನ್ನು ಕೇಳಿ, ಮನಸ್ಸು ಗಟ್ಟಿ ಮಾಡಿ, ಒಪ್ಪಿ ತೆಗೆದುಕೊಳ್ಳುತ್ತಾರೆ. ಇವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಫೋನ್ ಮಾಡದೆ ಇರಲು ಒಂದು ಒಳ್ಳೆಯ ಮಾತು ಹುಡುಕಿಕೊಂಡಿದ್ದೆ, ಅಷ್ಟೇ. ಇಷ್ಟು ಓದಿದ್ದು ಇದಕ್ಕಾ ಅನ್ನಿಸಿತು.

ಆದರೂ ಫೋನ್ ಮಾಡಲಿಲ್ಲ. "ತಾನಾಗಿ ಹೋಗಲಿ ಬಿಡು" ಅಂತ ನಮ್ಮ ಮನೆಯವರ ಮಾತು. ಅವರು ಕಟುಕ ಮನಸ್ಸಿನವರಲ್ಲ, ಉಲ್ಟಾ. "ಇಷ್ಟು ವರ್ಷ ಅನ್ನ ಹಾಕಿದ ಕೈಲೆ ಕೊಂದಂಗ ಆಗೂದಿಲ್ಲೇನು?" ಅಂತ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿದ್ದೆಯಲ್ಲೇ ಹೋಗುತ್ತಾಳೆ ಅಂತ ಇಬ್ಬರೂ ದೇವರಿಗೆ ಕೈ ಮುಗಿದು ಮಲಗುತ್ತಿದ್ದೆವು. ತಾನಾಗಿ ಬರುವ ಸಾವು ನಿದ್ದೆಯಲ್ಲೇ ಬರುತ್ತದೆ ಅಂತ ನಮಗೆ ಯಾರು ಹೇಳಿದರೋ. ಕಿಡ್ನಿ ಹೋದ ಜೀವಕ್ಕೆ ಕೊನೆಯಲ್ಲಿ ಫಿಟ್ಸ್ ಬರಬಹುದು ಅಂತ ಡಾಕ್ಟರು ಹೇಳಿದ್ದರು. 8ನೇ ತಾರೀಖು ನಸುಕಿನಲ್ಲಿ ಒಂದು ಬಂದೂ ಬಂತು. ಅದನ್ನು ಬರೆಯುವುದಿಲ್ಲ.

ಕ್ಯಾಲೆಂಡರ್ ಅಡುಗೆಮನೆ ಗೋಡೆಯಲ್ಲಿತ್ತು. ನಮ್ಮ ಕಡೆ ಗದಗಿನಿಂದ ಬರುವ ಕ್ಯಾಲೆಂಡರ್, ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲ ಅತ್ತೆ ಗೀಚುತ್ತಾರೆ. ನವೆಂಬರಿನ ಮನೆಗಳಲ್ಲಿ ಹಾಲಿನ ಒಂದೂವರೆ ಲೀಟರಿನ ಪಕ್ಕದಲ್ಲಿ ನನ್ನ ಅಕ್ಷರ: ಹೊಸ್ತಿಲು, ಹೊಸ್ತಿಲು, ಇಲ್ಲ, ಇಲ್ಲ, ಇಲ್ಲ, ಇಲ್ಲ. 9ರಂದು ಶನಿವಾರ ಮಧ್ಯಾಹ್ನ ಸ್ಕೂಲಿನಿಂದ ಬಂದೆ. ಅತ್ತೆ ಕೆಂಚಿಯ ಹಿಂಗಾಲಿನ ಸಂದಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು. ಮಲಗಿದಲ್ಲೇ ಉಚ್ಚೆ ಆಗಿತ್ತು.

ಅತ್ತೆಯದು ಮೈಲಾರಲಿಂಗನ ಒಕ್ಕಲು. ನಾಯಿ ಅಂದರೆ ಆ ದೇವರ ಪರಿವಾರ. ಆ ದೇವರ ಭಕ್ತರಾದ ಗೊರವಯ್ಯಗಳು ಕರಿ ಕಂಬಳಿ ಹೊದ್ದು, ನಾಯಿಯ ಹಾಗೆ ಬೊಗಳಿ, ದೋಣಿ ಅನ್ನುವ ಭಿಕ್ಷೆಯ ಬಟ್ಟಲಿಗೆ ಬಾಯಿ ಹಚ್ಚಿ ಉಣ್ಣುವುದನ್ನು ನೋಡಿ ಬೆಳೆದವರು. ಐತವಾರ ಮೊದಲ ರೊಟ್ಟಿ ಕೆಂಚಿಗೆ, ಆಮೇಲೆ ಮನೆಯವರಿಗೆ. ಹಾಗಾಗಿ ಸೂಜಿಯ ಮಾತು ಅತ್ತೆಯ ಕಿವಿಗೆ ಬೀಳದ ಹಾಗೆ ನಾವಿಬ್ಬರೂ ನೋಡಿಕೊಂಡಿದ್ದೆವು. ಮನೆಯಲ್ಲಿ ಮಾತು ಮುಚ್ಚಿಡಲು ಆಗುತ್ತದಾ?

ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ ಹೇಳಿದರು. "ನಿಮ್ಮ ಮಾವನ್ನ ನೋಡೀಯಲ್ಲ ನೀನು."

ನೋಡಿದ್ದೆ. ಲಕ್ವ ಹೊಡೆದು ಹದಿನಾಲ್ಕು ತಿಂಗಳು ಮಲಗಿದಲ್ಲೇ ಇದ್ದರು. ಬೆನ್ನಿನ ಹುಣ್ಣಿಗೆ ಅತ್ತೆ ದಿನಾ ಎರಡು ಸಲ ಹೀಗೇ ಬಿಸಿನೀರಿನ ಬಟ್ಟೆ.

"ಮನಷ್ಯಾಗ ಆ ಸೂಜಿ ಇಲ್ಲ. ಇದಕ್ಕರ ಐತಲ್ಲ. ಕೊಡಸು."

ಎದ್ದು ನೀರು ಚೆಲ್ಲಲು ಹೋದರು. ನಾನು ಅಂಗಳಕ್ಕೆ ಬಂದು ಫೋನ್ ಮಾಡಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಮಾಡಲಿಲ್ಲ. ಕತ್ತಲಾಗುವವರೆಗೆ ಪೇಪರ್ ತಿದ್ದಿದೆ. ಒಂಬತ್ತನೇ ತರಗತಿಯ ನಲವತ್ತೊಂದು ಪೇಪರ್. ಆಮೇಲೆ ಮಾಡಿದೆ.

ಡಾಕ್ಟರು ಐತವಾರ ಬೆಳಿಗ್ಗೆ ಹತ್ತಕ್ಕೆ ಮನೆಗೇ ಬಂದರು. ಮೊದಲು ಎಲ್ಲವನ್ನೂ ಹೇಳಿದರು. ಇದು ಅವರು ಮಾಡಿದ ದೊಡ್ಡ ಉಪಕಾರ. ಮೊದಲು ಮಾಂಸಖಂಡಕ್ಕೆ ಒಂದು ಇಂಜೆಕ್ಷನ್, ಹತ್ತು ನಿಮಿಷದಲ್ಲಿ ಗಾಢ ನಿದ್ದೆ. ಆಮೇಲೆ ನಾಳಕ್ಕೆ ಇನ್ನೊಂದು, ಆಪರೇಷನ್‌ಗೆ ಕೊಡುವ ಅರಿವಳಿಕೆಯ ಜಾತಿಯದೇ ಔಷಧ, ಪ್ರಮಾಣ ಬಹಳ ಜಾಸ್ತಿ. ಮೊದಲು ಉಸಿರು, ಆಮೇಲೆ ಎದೆ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಹೋದ ಮೇಲೂ ಒಂದೆರಡು ಸಲ ಉಸಿರು ಎಳೆದ ಹಾಗೆ ಆಗಬಹುದು, ಮೈ ಅದುರಬಹುದು, ಉಚ್ಚೆ ಹೋಗಬಹುದು. "ಅದು ಜೀವಾ ಅಲ್ರಿ, ಬರೇ ಸ್ನಾಯು" ಅಂದರು. ಇದನ್ನು ಮೊದಲೇ ಹೇಳದಿದ್ದರೆ ಆ ಕೊನೆಯ ಎಳೆತ ನೋಡಿ ನಾನು ಜನ್ಮ ಪೂರ್ತಿ ಅವಳು ಬದುಕಿದ್ದಳು ಅಂದುಕೊಂಡಿರುತ್ತಿದ್ದೆ. ನೀವು ಯಾವತ್ತಾದರೂ ಈ ಸ್ಥಿತಿಗೆ ಬಂದರೆ ಡಾಕ್ಟರನ್ನು ಕೇಳಿ, ಮೊದಲು ನಿದ್ದೆಯ ಇಂಜೆಕ್ಷನ್ ಕೊಡುತ್ತೀರಾ ಅಂತ. ಕೇಳಲು ನಾಚಿಕೆ ಬೇಡ.

ನಮ್ಮ ಮನೆಯವರು ಹಿಂದಿನ ರಾತ್ರಿಯೇ ಮಿಲ್ಲಿನಿಂದ ಒಂದು ಚೀಲ ಭತ್ತ ತಂದು ಅಂಗಳದಲ್ಲಿ ಹರವಿದ್ದರು. ನನಗೆ ಹೇಳಿರಲಿಲ್ಲ. ಬಿಸಿಲು ಏರಿ ಭತ್ತ ಬೆಚ್ಚಗಾಗಿತ್ತು. ಅದರ ಮೇಲೆ ಅವಳನ್ನು ಮಲಗಿಸಿದೆವು. ಮೂಗು ಎರಡು ಸಲ ಆಡಿತು. ಮುಂಗಾಲು ಚಾಚಿದಳು.

ಡಾಕ್ಟರು ಕೊನೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಬೆರಳ ತುದಿಯಿಂದ ಕಣ್ಣನ್ನು ಮುಟ್ಟಿದರು. ರೆಪ್ಪೆ ಹೊಡೆಯಲಿಲ್ಲ. ಕೂದಲಿನ ಸಂದಿಯಲ್ಲೆಲ್ಲ ಭತ್ತದ ಕಾಳು ಸಿಕ್ಕಿಕೊಂಡಿದ್ದವು. ಅತ್ತೆ ಒಂದೊಂದೇ ತೆಗೆಯಲು ಶುರು ಮಾಡಿ, ಅರ್ಧಕ್ಕೆ ಬಿಟ್ಟರು. "ಇರಲಿ. ಬುತ್ತಿ."

ಹೊಲದಲ್ಲಿ ಬೇವಿನ ಗಿಡದ ಹತ್ತಿರ ಗುಂಡಿ ತೋಡಿದ್ದು ನಮ್ಮ ಮನೆಯವರೇ. ಎರಿ ಮಣ್ಣು, ಮೇಲೆ ಹಸಿ, ಎರಡು ಅಡಿಯ ಕೆಳಗೆ ಹಾರೆಗೂ ಬಗ್ಗುವುದಿಲ್ಲ. ಆಳು ಕರೆಯೋಣ ಅಂದರೆ ಬೇಡ ಅಂದರು. ಎದೆಮಟ್ಟ ತೋಡಬೇಕು ಅಂತ ಡಾಕ್ಟರು ಹೇಳಿದ್ದರು. ಆ ಔಷಧ ಮೈಯಲ್ಲಿ ಹಾಗೇ ಉಳಿದಿರುತ್ತದೆ. ನರಿಯೋ ಬೇರೆ ನಾಯಿಯೋ ಕೆದರಿ ತಿಂದರೆ ಅದೂ ಸಾಯುತ್ತದೆ. ಉಪ್ಪು ಹಾಕಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಇಟ್ಟೆವು. ಕೊಂದಂಗ ಆಗೂದಿಲ್ಲೇನು ಅಂತ ಕೇಳಿದವರ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಆ ಪ್ರಶ್ನೆ ಅವರು ಮತ್ತೆ ಕೇಳಿಲ್ಲ, ನಾನೂ ಉತ್ತರ ಕೊಟ್ಟಿಲ್ಲ.

ಸೋಮವಾರ ಸಿ.ಎಲ್. ಅರ್ಜಿಯಲ್ಲಿ ಕಾರಣ ಅಂತ ಒಂದು ಗೆರೆ ಇರುತ್ತದೆ. "ಮನೆ ಕೆಲಸದ ನಿಮಿತ್ತ" ಅಂತ ಬರೆದೆ. ಇದಕ್ಕೆ ಸೂತಕ ಇಲ್ಲ, ಮೂರನೇ ದಿನ ಇಲ್ಲ, ಮಾತಾಡಿಸಲು ಬರುವವರು ಇಲ್ಲ. ಬಂದವರೂ "ಇನ್ನೊಂದು ಮರಿ ತಗೊಂಡು ಬರ್ರಿ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಮಾವ ಹೋದಾಗ ಯಾರೂ ಅತ್ತೆಗೆ ಹಾಗೆ ಅನ್ನಲಿಲ್ಲ ಅಷ್ಟೇ.

ಮುಂದಿನ ವಾರ ಪ್ರವಾಸ ಇತ್ತು. ಪ್ರತಿ ವರ್ಷ ಮಕ್ಕಳನ್ನು ಹಿರೇಬೆಣಕಲ್ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ. ಗಂಗಾವತಿಗೆ ಹತ್ತಿರ. ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾ ಸಮಾಧಿಗಳು ಅಲ್ಲಿವೆ, ಜನ ಮೋರ್ಯರ ಗುಡ್ಡ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆಳೆತ್ತರದ ಚಪ್ಪಡಿಗಳ ಮನೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಮಕ್ಕಳು ಕಲ್ಲಿನ ನಗಾರಿ ಬಡಿಯಲು ಓಡಿದರು. ನಾನು ಆ ಕಿಂಡಿಯ ಎದುರು ಕೂತೆ. ಇಷ್ಟು ದೊಡ್ಡ ಚಪ್ಪಡಿ ಎಬ್ಬಿಸಲು ಎಷ್ಟು ಜನ ಬೇಕು ಅಂತ ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಈ ಸಲ ನಮ್ಮ ಮನೆಯವರ ಬೊಬ್ಬೆ ನೆನಪಾಯಿತು. ಕೈ ನೋಯಬೇಕಿತ್ತೇನೋ ಅವರಿಗೂ.

ಬಸ್ಸಿನಲ್ಲಿ ಬರುವಾಗ ಮಕ್ಕಳಿಗೆ ಆತಕೂರಿನ ಶಾಸನದ ಕಥೆ ಹೇಳಿದೆ. ಮಂಡ್ಯದ ಕಡೆ ಸಿಕ್ಕ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಸುಮಾರು 950ರದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೇರ ಅನ್ನುವ ವೀರ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಅಂತ ಅಲ್ಲಿನ ಗೊರವನಿಗೆ ಕಟ್ಟಪ್ಪಣೆಯನ್ನೂ ಬರೆಸಿದರು. ಒಬ್ಬ ಹುಡುಗ ಕೇಳಿದ, "ಮಿಸ್, ನಿಮ್ಮ ನಾಯಿ ಸತ್ತೈತಂತ, ಹೌದ್ರಿ?" ಹೌದು ಅಂದೆ. "ಹಂದಿ ಹೊಡದಿತ್ತೇನ್ರಿ?" ಇಲ್ಲಪ್ಪ, ಭತ್ತದ ಮೇಲೆ ಮಲಗುತ್ತಿತ್ತು ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಚುರುಮುರಿ ಪೊಟ್ಟಣ ನನ್ನ ಕಡೆ ಚಾಚಿದ.

ಜನವರಿ ಕೊನೆಗೆ ಪೇಪರಿನಲ್ಲಿ ಸುದ್ದಿ ಬಂತು. ವಾಸಿಯಾಗುವ ಆಸೆಯೇ ಇಲ್ಲದ ರೋಗಿಗಳಿಗೆ ಯಂತ್ರಗಳನ್ನು ನಿಲ್ಲಿಸಿ ಘನತೆಯಿಂದ ಸಾಯಲು ಬಿಡಬಹುದು ಅನ್ನುವ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ ಆದೇಶ ಹೊರಡಿಸಿದೆ ಅಂತ. ಅದು ಚಿಕಿತ್ಸೆ ನಿಲ್ಲಿಸುವ ಮಾತು, ಸೂಜಿಯ ಮಾತಲ್ಲ. ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಅವರಿಗೆ ಎಲ್ಲಿ ಮಿಶಿನ್ ಹಚ್ಚಿದ್ರು" ಅಂದರು. ಮಾವ ಮನೆಯಲ್ಲೇ ಇದ್ದರು.

ಸೂಜಿ ಕೊಡಿಸಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ. ಆ ಹನ್ನೊಂದು ದಿನಕ್ಕೆ ಆಗುತ್ತದೆ. ಅದರಲ್ಲೂ ಪಟಾಕಿ ಹೊತ್ತಿಸಿದ ರಾತ್ರಿಗೆ. ಬೆಳಿಗ್ಗೆ ಎಷ್ಟು ರೊಟ್ಟಿ ಅಂತ ಹಿಟ್ಟು ನಾದುವಾಗ ಇನ್ನೂ ಲೆಕ್ಕ ತಪ್ಪುತ್ತದೆ, ಒಂದು ಉಳಿಯುತ್ತದೆ.

ಮೊನ್ನೆ ಐತವಾರ ಗೊರವಯ್ಯ ಬಂದಿದ್ದ. ಬಾಗಿಲಲ್ಲಿ ನಿಂತು "ಏಳುಕೋಟಿಗೋ" ಅಂತ ಕೂಗಿ ಡಮರು ಆಡಿಸಿದ. ಕೆಂಚಿ ಓಣಿಯಲ್ಲಿ ಎಲ್ಲರಿಗೂ ಬೊಗಳುತ್ತಿದ್ದಳು, ಇವನಿಗೆ ಮಾತ್ರ ಬಾಲ ಆಡಿಸುತ್ತಿದ್ದಳು, ಕಂಬಳಿಯ ವಾಸನೆಗೋ ಏನೋ. ಅತ್ತೆ ಉಳಿದ ರೊಟ್ಟಿ ತಂದು ದೋಣಿಗೆ ಹಾಕಿದರು. ಅವನು ಗೇಟಿನ ಕಡೆ, ಹೊಸ್ತಿಲ ಕಡೆ ನೋಡಿದ.

"ಎಲ್ಲಿ ಯವ್ವಾ, ನಮ್ಮಕ್ಕಿ?"

"ಹೊಲಕ್ಕ ಹೋಗ್ಯಾಳಪ್ಪಾ" ಅಂದರು ಅತ್ತೆ.